ಸ್ವರ್ಣಪಾಶ: ಗಿಲ್ಡ್ ಟೆಸೊರೊನ ಪಾತ್ರವಿಮರ್ಶೆ

ಏಯ್‌ಚಿರೊ ಓಡಾ ಅವರ ಕಡಲುಗಳ್ಳರ ಕಥಾಮಾಲೆಯನ್ನು ಆಧರಿಸಿ 2016ರಲ್ಲಿ ಜಪಾನಿನಲ್ಲಿ ತೆರೆಕಂಡ ‘ಒನ್ ಪೀಸ್ ಫಿಲ್ಮ್: ಗೋಲ್ಡ್’ ಎಂಬ ಆ್ಯನಿಮೆಯ ಖಳನಾಯಕ ಗಿಲ್ಡ್ ಟೆಸೊರೊ. ತಾನು ಮುಟ್ಟಿದ ಚಿನ್ನವನ್ನು ಇಚ್ಛೆಯಂತೆ ಆಡಿಸಬಲ್ಲ ಶಕ್ತಿ ಅವನದು. ಅವನ ಜೂಜುನೌಕೆಗೆ ಕಾಲಿಟ್ಟವರ ಮೇಲೆ ಸ್ವರ್ಣಧೂಳಿಯ ಮಳೆ ಸುರಿಯುತ್ತದೆ. ಅತಿಥಿಗಳು ಅದನ್ನು ಸತ್ಕಾರವೆಂದು ಬಗೆದು ಹಿಗ್ಗುತ್ತಾರೆ. ಮೈಗಂಟಿದ ಆ ಧೂಳಿಯೇ ಅವನ ಅಪ್ಪಣೆಯಾದೊಡನೆ ಅವರಿಗೆ ಸಂಕೋಲೆಯಾಗುತ್ತದೆ. ಋಣದ ಸ್ವರೂಪವನ್ನು ಇದಕ್ಕಿಂತ ಸ್ಫುಟವಾಗಿ ಚಿತ್ರಿಸುವುದು ಕಷ್ಟ.

ಟೆಸೊರೊ ಹಿಂದೆ ತಾನೇ ಗುಲಾಮನಾಗಿದ್ದವನು. ಪ್ರೇಯಸಿ ಸ್ಟೆಲ್ಲಾಳನ್ನು ಹಣ ತೆತ್ತು ಬಿಡಿಸಲಾರದೆ ಕಳೆದುಕೊಂಡವನು. ಬಿಡುಗಡೆ ಹೊಂದಿದ ಮೇಲೆ ಅವನು ತನ್ನ ಹಳೆಯ ಒಡೆಯರ ಪದ್ಧತಿಯನ್ನೇ ಕೈಗೊಂಡುದು ಈ ಪಾತ್ರದ ದುರಂತ.

ಆದರೆ ಚಿನ್ನವು ಒಡೆಯನಿಗೂ ವಿಧೇಯವಲ್ಲವೆಂಬುದು ಚರಿತ್ರೆಯ ಪಾಠ. ಅಮೆರಿಕದಿಂದ ಬೆಳ್ಳಿಬಂಗಾರಗಳು ಹರಿದುಬರುತ್ತಿದ್ದಾಗಲೇ ಸ್ಪೇನಿನ ಎರಡನೆಯ ಫಿಲಿಪ್ ದೊರೆಯು 1557, 1575 ಮತ್ತು 1596ರಲ್ಲಿ ಸಾಲ ಕೊಟ್ಟವರಿಗೆ ಹಣ ಸಲ್ಲಿಸುವುದನ್ನು ನಿಲ್ಲಿಸಬೇಕಾಯಿತು. ಚಿತ್ರವಾದರೋ ಈ ಜಿಜ್ಞಾಸೆಗೆ ಇಳಿಯದೆ, ಸಮುದ್ರಜಲದಿಂದ ಮಾಯೆಯನ್ನು ತೊಳೆದು, ಮುಷ್ಟಿಯುದ್ಧದಲ್ಲಿ ಖಳನನ್ನು ಕೆಡಹಿ ತೃಪ್ತವಾಗುತ್ತದೆ. ಜೂಜಿನಲ್ಲಿ ಸೋತು ಸಾಲಕ್ಕೆ ಸಿಕ್ಕ ಜನರ ಪ್ರಶ್ನೆಯು ಹಾಗೆಯೇ ಉಳಿಯುವುದು ಕೃತಿಯ ಮುಖ್ಯ ನ್ಯೂನತೆಯೆಂದು ನನ್ನ ಅಭಿಪ್ರಾಯ.