'ಕಡಿಮೆ ಮಾಡಿ' ಎಂಬ ಪಾಠ

ನಾಟಕ ಶಾಲೆಯಿಂದ ಬಂದ ಹುಡುಗನಿಗೆ ಸಿನಿಮಾದವರು ಮೊದಲು ಹೇಳುವ ಮಾತು 'ಕಡಿಮೆ ಮಾಡಿ' ಎಂಬುದು. ದನಿ ಕಡಿಮೆ, ಕೈ ಕಡಿಮೆ, ಹುಬ್ಬು ಕಡಿಮೆ. ರಂಗಭೂಮಿ ಎಂದರೆ ಜೋರು, ಸಿನಿಮಾ ಎಂದರೆ ಮೆತ್ತಗೆ ಎಂಬ ಈ ಸೂತ್ರವನ್ನು ನೆಚ್ಚಿಕೊಂಡೇ ಮೂರು ತಿಂಗಳ, ಆರು ತಿಂಗಳ ನಟನಾ ತರಬೇತಿಗಳು ನಡೆಯುತ್ತವೆ. ರಂಗದಲ್ಲಿ ಕಲಿತದ್ದನ್ನು ಮರೆಸುವುದೇ ಅಲ್ಲಿ ಅರ್ಧ ಪಾಠ. ಈ ಸೂತ್ರ ಎಷ್ಟು ಪೊಳ್ಳು ಎಂದು ತಿಳಿಯಬೇಕಾದರೆ 2003ರ 'ಮಕ್ಬೂಲ್' ಚಿತ್ರವನ್ನು ಇನ್ನೊಮ್ಮೆ ನೋಡಬೇಕು.

ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ವಿಶಾಲ್ ಭಾರದ್ವಾಜ್ ಮುಂಬಯಿಯ ಭೂಗತ ಲೋಕಕ್ಕೆ ತಂದ ಚಿತ್ರ ಅದು. ಅದರಲ್ಲಿರುವ ಇರ್ಫಾನ್ ಖಾನ್, ಪಂಕಜ್ ಕಪೂರ್, ನಸೀರುದ್ದೀನ್ ಶಾ, ಓಂ ಪುರಿ, ಪಿಯೂಷ್ ಮಿಶ್ರಾ ಐವರೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಪಂಕಜ್ ಕಪೂರರ ಅಬ್ಬಾಜಿಯನ್ನು ಗಮನಿಸಿ. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. ತೆರೆಯ ಮೇಲಿರುವುದು ಮಾತ್ರ ಒಬ್ಬ ಮುದಿ ದೊರೆ. ನಡಿಗೆಯ ಭಾರ, ಗಂಟಲಲ್ಲೇ ಸಿಕ್ಕಿಕೊಂಡಂಥ ದನಿ, ಕೂತ ಜಾಗದಿಂದ ಏಳಲು ಮನಸ್ಸಿಲ್ಲದ ದೇಹ. ಇದರಲ್ಲಿ ಕಡಿಮೆ ಮಾಡಿದ್ದು ಏನಿದೆ? ಇಡೀ ಶರೀರವನ್ನೇ ಹೊಸದಾಗಿ ಕಟ್ಟಿಕೊಂಡ ಅಭಿನಯ ಅದು. ಆದರೂ ಕ್ಯಾಮೆರಾ ಅದನ್ನು ಅತಿ ಎನ್ನುವುದಿಲ್ಲ. ಇರ್ಫಾನರ ಬಗೆ ಇದಕ್ಕೆ ತದ್ವಿರುದ್ಧ. ಬೇರೆಯವರು ಮಾತಾಡುವಾಗ ಅವರ ಮುಖ ನೋಡಬೇಕು. ಅವರು ತಮ್ಮ ಸರದಿಗಾಗಿ ಕಾಯುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ. ಇನ್ನು ಕುಂಡಲಿ ಬರೆಯುತ್ತಾ ಎಲ್ಲರ ಹಣೆಬರಹ ಹೇಳುವ ಪೊಲೀಸರಾಗಿ ನಸೀರುದ್ದೀನ್ ಮತ್ತು ಓಂ ಪುರಿ ಬಯಲಾಟದ ಹಾಸ್ಯಗಾರರಷ್ಟೇ ಮುಕ್ತವಾಗಿ ಆಡುತ್ತಾರೆ. ಒಂದೇ ಶಾಲೆ, ಒಂದೇ ಚಿತ್ರ, ಮೂರು ಅಳತೆ. ಅಳತೆಯನ್ನು ತೀರ್ಮಾನಿಸಿದ್ದು ಪಾತ್ರ.

ಹಾಗಾದರೆ ರಂಗದ ವಿದ್ಯಾರ್ಥಿ ತೆರೆಗಾಗಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲವೆ? ಬೇಕಾದಷ್ಟಿದೆ. ನಾಟಕದಲ್ಲಿ ಪಾತ್ರ ಮೊದಲ ಅಂಕದಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಬೆಳೆಯುತ್ತದೆ. ಚಿತ್ರೀಕರಣದಲ್ಲಿ ತಂದೆಯ ಸಾವು ಮೊದಲ ದಿನ ಬರಬಹುದು, ಅದೇ ತಂದೆಯೊಡನೆ ನಗುವ ದೃಶ್ಯ ಇಪ್ಪತ್ತನೆಯ ದಿನ. ಎದುರಿಗೆ ಸಹನಟ ಇರುವುದಿಲ್ಲ, ಲೆನ್ಸಿನ ಪಕ್ಕ ಅಂಟಿಸಿದ ಟೇಪಿನ ತುಂಡನ್ನು ನೋಡಿ ಅಳಬೇಕು. ಯಾವ ಪದಕ್ಕೆ ಚಹದ ಲೋಟ ಎತ್ತಿದ್ದೆವೋ ಏಳನೆಯ ಟೇಕಿನಲ್ಲೂ ಅದೇ ಪದಕ್ಕೆ ಎತ್ತಬೇಕು, ಆದರೆ ಮುಖ ಮೊದಲ ಸಲದಂತೆ ಹಸಿಯಾಗಿರಬೇಕು. ಆಮೇಲೆ ಡಬ್ಬಿಂಗ್ ಕೋಣೆಯ ಕತ್ತಲಲ್ಲಿ ನಿಂತು, ವಾರಗಳ ಹಿಂದಿನ ತನ್ನದೇ ತುಟಿಗೆ ದನಿ ಹೊಂದಿಸಬೇಕು. ಉರ್ದುವಿನಲ್ಲಿ ರಿಯಾಜ್ ಎನ್ನುತ್ತಾರಲ್ಲ, ಅಂಥ ದಿನನಿತ್ಯದ ಸಾಧನೆ ಬೇಡುವ ಕೆಲಸಗಳಿವು. ಕನ್ನಡಿ ಮುಂದೆ ನಿಂತು ಹುಬ್ಬು ಹತೋಟಿಗೆ ತಂದುಕೊಂಡರೆ ಇದು ಬರುವುದಿಲ್ಲ. ಶಾಟ್ ತೆಗೆಯುವವನ ಜೊತೆ ಕೆಲಸ ಮಾಡಿಯೇ ಬರಬೇಕು.

ಆದರೆ ಶಾಟ್ ತೆಗೆಯುವವರಿಗೆ ಈ ವಿದ್ಯಾರ್ಥಿ ಬೇಕಾಗಿದ್ದಾನೆಯೇ? ನಸೀರುದ್ದೀನ್ ಮತ್ತು ಓಂ ಪುರಿ ನಾಟಕ ಶಾಲೆ ಮುಗಿಸಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. 70ರ ದಶಕದ ಮಧ್ಯದಲ್ಲಿ ಅಲ್ಲಿ ದೊಡ್ಡ ಮುಷ್ಕರವೇ ಆಯಿತು. ನಿರ್ದೇಶನದ ವಿದ್ಯಾರ್ಥಿಗಳು ತಮ್ಮ ಚಿತ್ರಗಳಿಗೆ ಅದೇ ಸಂಸ್ಥೆಯ ನಟನಾ ವಿದ್ಯಾರ್ಥಿಗಳನ್ನು ಹಾಕಿಕೊಳ್ಳಬೇಕೇ ಬೇಡವೇ ಎಂಬುದು ಜಗಳದ ಮೂಲ. ಒಂದೇ ಕ್ಯಾಂಟೀನಿನಲ್ಲಿ ಉಣ್ಣುವವರೇ ಹೊರಗಿನ ನಟರನ್ನು ತರುತ್ತಿದ್ದರು! ಆಗ ನಿರ್ದೇಶಕರ ಕುರ್ಚಿಯಲ್ಲಿದ್ದವರು ನಮ್ಮ ಗಿರೀಶ ಕಾರ್ನಾಡರು. ತಮ್ಮ ವಿರುದ್ಧವೇ ಮುಷ್ಕರಕ್ಕೆ ಕೂತಿದ್ದ ನಸೀರುದ್ದೀನರ ಹೆಸರನ್ನು ಶ್ಯಾಮ್ ಬೆನಗಲ್‌ರಿಗೆ ಸೂಚಿಸಿದವರೂ ಅವರೇ. 'ನಿಶಾಂತ್' (1975) ಹಾಗೆ ದಕ್ಕಿತು. ಕಾರ್ನಾಡರ ದೊಡ್ಡತನ ಒಪ್ಪಬೇಕಾದದ್ದೇ. ಆದರೆ ಒಬ್ಬರ ದೊಡ್ಡತನದಿಂದ ಒಬ್ಬನಿಗೆ ದಾರಿಯಾಗುತ್ತದೆ, ಎಲ್ಲರಿಗೂ ಅಲ್ಲ. ನಟನೆಯ ಕೋರ್ಸು ಅದೇ ದಶಕದಲ್ಲಿ ನಿಂತುಹೋಯಿತು, ಮತ್ತೆ ಶುರುವಾದದ್ದು 2004ರಲ್ಲಿ. ನಡುವಿನ ಕಾಲು ಶತಮಾನ ನಾಟಕದ ಹುಡುಗರು ಕ್ಯಾಮೆರಾ ವಿದ್ಯೆಯನ್ನು ಸೆಟ್ಟಿನಲ್ಲಿ ಬೈಸಿಕೊಂಡೇ ಕಲಿಯಬೇಕಾಯಿತು.

ಕನ್ನಡದಲ್ಲಿ ಒಂದು ವಿಶೇಷವಿದೆ. ಇಲ್ಲಿ ನಟ ತನ್ನ ಗುರುಮನೆಯನ್ನೇ ಹೆಸರಾಗಿಸಿಕೊಳ್ಳುತ್ತಾನೆ: ರಂಗಾಯಣ ರಘು, ಸತೀಶ್ ನೀನಾಸಂ. ಪ್ರೇಕ್ಷಕರೂ ಆ ಹೆಸರನ್ನು ಗೌರವದಿಂದಲೇ ಕರೆಯುತ್ತಾರೆ. ಆದರೆ ಅಲ್ಲಿ ಕಲಿತು ಬಂದವರಿಗೆ ನಮ್ಮ ಚಿತ್ರರಂಗ ಹೆಚ್ಚಾಗಿ ಕೊಟ್ಟದ್ದು ನಾಯಕನ ಗೆಳೆಯನ, ಮಾವನ, ಖಳನ ಪಾತ್ರಗಳನ್ನು. 'ಒಡಲಾಳ'ದ ಸಾಕವ್ವನಾಗಿ ರಂಗವನ್ನು ತುಂಬಿದ ಉಮಾಶ್ರೀಯವರನ್ನು ಚಿತ್ರರಂಗ ಎಷ್ಟು ವರ್ಷ ಬರಿಯ ನಗೆಪಾತ್ರಗಳಲ್ಲಿ ಕೂಡಿಹಾಕಿತ್ತು! ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಬಂದಾಗ ಅದೇ ನಟಿ ಕರಾವಳಿಯ ಮುಸ್ಲಿಂ ಸೂಲಗಿತ್ತಿಯಾದರು, ರಾಷ್ಟ್ರಪ್ರಶಸ್ತಿ ಪಡೆದರು. ತುಮಕೂರು ಸೀಮೆಯ ಈ ನಟಿ ಕುಂದಾಪುರದ ಕಡೆಯ ಕನ್ನಡವನ್ನು ಕಿವಿಯಿಂದ ಕಲಿತು ನಾಲಿಗೆಗೆ ತಂದುಕೊಂಡರು. ಆ ಗುಲಾಬಿಯನ್ನು ನಂಬುವಂತೆ ಮಾಡಿದ್ದರಲ್ಲಿ ಬುರ್ಖಾಕ್ಕಿಂತ ಆ ಕಿವಿಯ ಪಾಲು ದೊಡ್ಡದು.

ಕಿವಿಯ ಈ ಪಾಠ ನಮ್ಮ ತರಬೇತಿಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಸಾಬರ ಪಾತ್ರ ಎಂದ ಕೂಡಲೇ 'ನಮ್ದೂಕೆ ನಿಮ್ದೂಕೆ' ಶುರುವಾಗುವುದು ಅದಕ್ಕೇ. ಕಲಬುರಗಿಯ ದಖನಿ ಮಾತಿನವರ ಕನ್ನಡ ಬೇರೆ, ಮಂಗಳೂರಿನ ಬ್ಯಾರಿಗಳದು ಬೇರೆ, ಭಟ್ಕಳದ ನವಾಯತರದು ಬೇರೆ. ಮೂವರಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಉರ್ದು ಶಾಲೆಯಲ್ಲಿ ತಲಫ್ಫುಜ್ ತಪ್ಪಿದರೆ ಬೆತ್ತದ ರುಚಿ ಕಂಡ ನನ್ನಂಥವರಿಗೆ ಇದು ಹೆಚ್ಚು ಕುಟುಕುತ್ತದೇನೋ. ಆದರೆ ಗೌಡರ, ಕೊರಗರ, ಲಂಬಾಣಿಗಳ ಪಾತ್ರಗಳಿಗೂ ಇದೇ ಗತಿ. ನಾಟಕದಲ್ಲಿ ಹತ್ತನೆಯ ಸಾಲಿನವನಿಗೆ ಸುಳ್ಳು ನಾಲಿಗೆ ಗೊತ್ತಾಗದೆ ಹೋಗಬಹುದು. ಕ್ಲೋಸಪ್ಪಿನಲ್ಲಿ ತುಟಿಯೇ ಹೇಳಿಬಿಡುತ್ತದೆ.

ಇದಕ್ಕೆಲ್ಲ ಬೇಕಾದದ್ದು ಕಾಲ. 1987ರಲ್ಲಿ ನಾಟಕ ಶಾಲೆ ಮುಗಿಸಿದ ಇರ್ಫಾನರಿಗೆ 'ಸಲಾಂ ಬಾಂಬೆ' (1988)ಯಲ್ಲಿ ಸಿಗಬೇಕಿದ್ದ ದೊಡ್ಡ ಪಾತ್ರ ಕಡೆಗೆ ಕಾಗದ ಬರೆದುಕೊಡುವವನ ಸಣ್ಣ ಪಾತ್ರವಾಯಿತು. ಅಲ್ಲಿಂದ 'ಮಕ್ಬೂಲ್'ವರೆಗೆ ಹದಿನೈದು ವರ್ಷ, ಅದರಲ್ಲಿ ಬಹುಪಾಲು ದೂರದರ್ಶನದ ಧಾರಾವಾಹಿಗಳು. ಹೆಗ್ಗೋಡಿನಲ್ಲೋ ಮೈಸೂರಿನಲ್ಲೋ ಕಲಿತು ಬೆಂಗಳೂರಿಗೆ ಬಂದ ಹುಡುಗ ಹುಡುಗಿಯರಿಗೂ ಬಾಡಿಗೆ ಕಟ್ಟಿಸುವುದು ಧಾರಾವಾಹಿಯೇ. ಅಲ್ಲಿ ಎಷ್ಟೋ ಸಲ ಸೀನಿನ ಹಾಳೆ ಕೈಗೆ ಬರುವುದು ಅಂದು ಬೆಳಿಗ್ಗೆ, ಸಂಭಾಷಣೆಯನ್ನು ಕ್ಯಾಮೆರಾ ಹಿಂದಿನಿಂದ ಸಹಾಯಕ ಓದಿ ಹೇಳುತ್ತಾನೆ, ನಟ ಒಪ್ಪಿಸುತ್ತಾನೆ. ಒಂದು ನಾಟಕಕ್ಕೆ ನಲವತ್ತು ದಿನ ತಾಲೀಮು ಮಾಡಿದವರು ಒಂದು ದಿನದಲ್ಲಿ ಹತ್ತು ದೃಶ್ಯ ಮುಗಿಸಿ ಕೋಣೆಗೆ ಮರಳುತ್ತಾರೆ. ಹಾಗೆ ಮರಳಿದವರು ಮಾರನೆಯ ದಿನ ಬಿಡುವಿದ್ದರೆ ಮತ್ತೆ ನಾಟಕದ ತಾಲೀಮಿಗೆ ಹೋಗುತ್ತಾರೆ, ಅದೂ ಕೈಯಿಂದ ಬಸ್ ಖರ್ಚು ಹಾಕಿಕೊಂಡು.