‘ಅಗ್ಗ’ ಮತ್ತು ‘ಬಾಳಿಕೆ’: ಲೋಹ-ವಾಯು ವಿದ್ಯುತ್ಕೋಶಗಳ ಸಂಶೋಧನೆಯ ಒಂದು ವಿಮರ್ಶೆ

ಪುನರಾವೇಶಿಸಬಲ್ಲ ಲೋಹ-ವಾಯು ವಿದ್ಯುತ್ಕೋಶಗಳ ಕ್ರಿಯಾವರ್ಧಕಗಳನ್ನು ಕುರಿತ ಪ್ರಬಂಧಗಳಲ್ಲಿ ‘ಅಗ್ಗದ’, ‘ಬಾಳಿಕೆಯ’ ಎಂಬ ವಿಶೇಷಣಗಳು ಶೀರ್ಷಿಕೆಯಲ್ಲಿಯೇ ಎದುರಾಗುತ್ತವೆ. ಪ್ರಬಂಧದ ಒಡಲಲ್ಲಿ ಅವುಗಳಿಗೆ ದೊರೆಯುವ ಆಧಾರ ಮಾತ್ರ ಅನೇಕ ವೇಳೆ ತೀರ ತೆಳುವಾದುದು.

ಸತು-ವಾಯು ಕೋಶದ ತಾತ್ತ್ವಿಕ ವಿಭವ ಸುಮಾರು 1.65 ವೋಲ್ಟ್. ವಿಸರ್ಜನೆಯಲ್ಲಿ ಸಿಗುವುದು 1.2ರಷ್ಟು, ಮತ್ತೆ ಆವೇಶಗೊಳಿಸಲು ಬೇಕಾಗುವುದು 2ರ ಆಸುಪಾಸು. ಈ ಅಂತರವನ್ನು ಕುಗ್ಗಿಸುವುದು ವಾಯು ವಿದ್ಯುದ್ವಾರದಲ್ಲಿನ ಕ್ರಿಯಾವರ್ಧಕದ ಕೆಲಸ. ಆಮ್ಲಜನಕದ ಅಪಕರ್ಷಣಕ್ಕೆ ಪ್ಲಾಟಿನಂ, ಅದರ ಬಿಡುಗಡೆಗೆ ರುಥೇನಿಯಂ ಮತ್ತು ಇರಿಡಿಯಂ ಆಕ್ಸೈಡುಗಳು ಸಮರ್ಥವಾದರೂ ಅತಿ ದುಬಾರಿ. ಮ್ಯಾಂಗನೀಸ್, ಕೋಬಾಲ್ಟ್, ಕಬ್ಬಿಣ ಹಾಗೂ ನೈಟ್ರೋಜನ್ ಬೆರೆತ ಇಂಗಾಲದ ಕಡೆಗೆ ಸಂಶೋಧಕರು ಹೊರಳಿದ್ದು ಈ ಕಾರಣದಿಂದ.

ಕಚ್ಚಾವಸ್ತುವಿನ ಬೆಲೆಯೇ ಪದಾರ್ಥದ ಬೆಲೆಯಲ್ಲ ಎಂಬುದಕ್ಕೆ ಭದ್ರಾವತಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಮಲೆನಾಡಿನ ಸೌದೆಯೂ ಕೆಮ್ಮಣ್ಣುಗುಂಡಿಯ ಅದಿರೂ ಕೈಗೆಟುಕುವಂತಿದ್ದವು. ಆದರೂ ಇದ್ದಿಲಿನೊಡನೆ ಮರದ ಮದ್ಯಸಾರ, ಅಸಿಟೇಟ್ ಮೊದಲಾದ ಉಪೋತ್ಪನ್ನಗಳನ್ನು ಪಡೆಯುವ ಬಟ್ಟಿ ಘಟಕವನ್ನು ಯೋಜನೆಯ ಅಂಗವಾಗಿಯೇ ಕಟ್ಟಲಾಯಿತು. ಅಡಿಕೆ ಸಿಪ್ಪೆಯಂತಹ ಕೃಷಿತ್ಯಾಜ್ಯದಿಂದ ಇಂಗಾಲ ತಯಾರಿಸಬಹುದೆಂಬ ಮಾತು ಶಿವಮೊಗ್ಗದ ಓದುಗನಿಗೆ ಹಿತವೆನಿಸುವುದು ಸಹಜ. ಆದರೆ ಜಡಾನಿಲದಲ್ಲಿ 800-900 ಡಿಗ್ರಿ ಸೆಲ್ಸಿಯಸ್ ಶಾಖ, ಇಂಗಾಲದ ತೂಕವನ್ನು ಮೀರುವಷ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಆಮ್ಲದ ತೊಳೆತ, ಆ ಕಲ್ಮಷದ ವಿಲೇವಾರಿ ಇವುಗಳ ಲೆಕ್ಕವನ್ನು ಸಿಪ್ಪೆಯ ಬೆಲೆ ಹೇಳುವುದಿಲ್ಲ.

ಬಾಳಿಕೆಯ ವಿಷಯ ಇನ್ನೂ ಗಂಭೀರವಾದುದು. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರಿನಂತೆ 10 ನಿಮಿಷ ವಿಸರ್ಜನೆ, 10 ನಿಮಿಷ ಆವೇಶ ಎಂಬ ಬಗೆಯ ಪರೀಕ್ಷೆ ರೂಢಿಯಲ್ಲಿದೆ. ಒಂದು ಮಿಲಿಮೀಟರ್ ದಪ್ಪದ ಸತುವಿನ ತಗಡಿನಲ್ಲಿ ಇದು ಬಳಸುವ ಲೋಹ ಶೇಕಡಾ 0.3ರಷ್ಟು ಮಾತ್ರ. ಹೀಗೆ ನೂರಾರು ಗಂಟೆ ನಡೆದ ಕೋಶ ಬಾಳಿತು ಎನ್ನುವುದಕ್ಕಿಂತ ಹೆಚ್ಚು ದುಡಿಯಲಿಲ್ಲ ಎನ್ನುವುದೇ ಸರಿ. ಹೋಲಿಕೆಗೆಂದು ಇಂಗಾಲದ ಮೇಲಿನ ಪ್ಲಾಟಿನಮ್ಮನ್ನು ರುಥೇನಿಯಂ ಆಕ್ಸೈಡಿನೊಡನೆ ಬೆರೆಸಿ ಇಡುವುದೂ ವಾಡಿಕೆ. ಆವೇಶದ ವಿಭವದಲ್ಲಿ ಇಂಗಾಲವೇ ಉತ್ಕರ್ಷಣಗೊಂಡು ಸವೆಯುವುದರಿಂದ ಇದು ಸೋಲಲೆಂದೇ ನಿಲ್ಲಿಸಿದ ಎದುರಾಳಿ. ಹೊಸ ಕ್ರಿಯಾವರ್ಧಕವೂ ಇಂಗಾಲವನ್ನೇ ಆಶ್ರಯಿಸಿದ್ದರೆ ಆ ದೋಷದಿಂದ ತಾನೂ ಮುಕ್ತವಲ್ಲ.

ಇದಲ್ಲದೆ ಕೋಶದ ಸಾವು ಅನೇಕ ವೇಳೆ ವಾಯು ವಿದ್ಯುದ್ವಾರದಿಂದಲ್ಲ, ಸತುವಿನ ಕಡೆಯಿಂದ ಬರುತ್ತದೆ. ಆವೇಶದಲ್ಲಿ ಸತು ಕವಲುಕವಲಾಗಿ ಬೆಳೆದು ವಿಭಾಜಕವನ್ನು ಚುಚ್ಚುತ್ತದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಸತುವಿನ ವಿದ್ಯುಲ್ಲೇಪನವನ್ನೂ ತುಕ್ಕು ನಿರೋಧಕಗಳನ್ನೂ ಕುರಿತು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಲೇಪನದ್ರಾವಣದಲ್ಲಿ ನಯವಾದ ಸತುವಿನ ಪದರ ಕೂರಿಸುವುದೂ ಕೋಶವನ್ನು ಆವೇಶಗೊಳಿಸುವುದೂ ಮೂಲತಃ ಒಂದೇ ಕ್ರಿಯೆ. ಆದರೆ ಲೇಪನಕ್ಕೆ ಒಮ್ಮೆ ಕುಳಿತರೆ ಸಾಕು. ಕೋಶದ ಸತು ಕರಗಿ ಮತ್ತೆ ಮತ್ತೆ ಕೂರಬೇಕು, ಅದೂ ಪ್ರಬಲ ಕ್ಷಾರದಲ್ಲಿ. ಲೇಪನದ ಸೇರ್ಪಡೆಗಳಲ್ಲಿ ಯಾವುವು ವಾಯು ವಿದ್ಯುದ್ವಾರದ ಕ್ರಿಯಾವರ್ಧಕಕ್ಕೆ ವಿಷವಾಗದೆ ಉಳಿಯುತ್ತವೆ ಎಂಬುದನ್ನು ಎರಡೂ ವಿದ್ಯುದ್ವಾರಗಳಿರುವ ಪೂರ್ಣ ಕೋಶದಲ್ಲಿಯೇ ಪರೀಕ್ಷಿಸಬೇಕಾಗುತ್ತದೆ.