ಗಂಟೆ ಬಾರಿಸುವ ಮುನ್ನ ಮುಗಿಯಬೇಕಾದ ಆಟ

ವಿಶ್ವವಿದ್ಯಾಲಯದ ಯುವಜನೋತ್ಸವದಲ್ಲಿ ಏಕಾಂಕ ನಾಟಕಕ್ಕೆ ಸಿಗುವ ಕಾಲ 30 ನಿಮಿಷ. ಪ್ರಹಸನಕ್ಕೆ 10, ಮೂಕಾಭಿನಯಕ್ಕೆ 5, ಶಾಸ್ತ್ರೀಯ ಗಾಯನಕ್ಕೆ ಮತ್ತೆ 10. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶಕ್ಕೆಲ್ಲ ಹಾಕಿಕೊಟ್ಟ ಅಳತೆ ಇದು. ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ವಲಯಕ್ಕೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಹತ್ತುವ ಏಣಿಗೆ ಈ ನಿಮಿಷಗಳೇ ಮೆಟ್ಟಿಲು. ಅಂಕಲಗಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಪದವಿ ಕಾಲೇಜುಗಳ ಹುಡುಗ ಹುಡುಗಿಯರು 2010ರಲ್ಲಿ ಹುಟ್ಟಿದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹೆಸರಲ್ಲಿ ಹತ್ತುವುದೂ ಇದೇ ಏಣಿಯನ್ನು. ನಮ್ಮ ಭಾಗದ ಉನ್ನತ ಶಿಕ್ಷಣಕ್ಕೆ ಸಂಗೀತ, ನಾಟಕ, ನೃತ್ಯದ ಹಂಗಾಮು ಅಂತ ಇರುವುದು ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದ ಅದನ್ನು ಒಂದು ಕಲಾಪ್ರಕಾರವೆಂದೇ ಹಿಡಿದು ನೋಡಬೇಕು. ಹಾಗೆ ನೋಡಿದವರು ಕಡಿಮೆ.

ಮೊದಲು ಅದರ ಪುಣ್ಯದ ಮಾತು. ಕಬ್ಬಿನ ಗದ್ದೆಯ ಮನೆಯಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗಿಗೆ ಬೆಳಕು ಕಟ್ಟಿದ ರಂಗದ ಮೇಲೆ ನಿಲ್ಲುವ ಮೊದಲ ಅವಕಾಶ ಬಹಳ ಸಲ ಇದೇ. ಊರ ಜಾತ್ರೆಯ ಸಾಮಾಜಿಕ ನಾಟಕದಲ್ಲಿ ಪಾತ್ರ ಮಾಡುವವರು ಊರಿನ ಗಂಡಸರು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ವಾಡಿಕೆ. ಊರಿನ ಮಗಳು ಊರಿನ ಅಟ್ಟ ಏರುವುದು ಇನ್ನೂ ಸಲೀಸಾಗಿಲ್ಲ. ಕಾಲೇಜು ಆ ಬಾಗಿಲನ್ನು ತೆರೆದಿದೆ. ಡೊಳ್ಳು ಕಟ್ಟಿಕೊಂಡ ಹುಡುಗಿಯರ ಸಾಲು ರಂಗಕ್ಕೆ ನುಗ್ಗಿದಾಗ ಸಭಾಂಗಣದಲ್ಲಿ ಏಳುವ ಕೂಗಿನಲ್ಲಿ ನಿಜವಾದ ಹೆಮ್ಮೆ ಇರುತ್ತದೆ. ಅದನ್ನು ಕಡೆಗಣಿಸಿ ವಿಮರ್ಶೆ ಬರೆಯಲಾಗದು.

ಆದರೆ ಆ ಸಭಾಂಗಣದಲ್ಲಿ ಕುಳಿತವರು ಯಾರು? ಬಹುಪಾಲು ತಮ್ಮ ಸರದಿಗೆ ಕಾಯುತ್ತಿರುವ ತಂಡಗಳವರು, ಅವರ ಮೇಷ್ಟ್ರುಗಳು, ಮುಂದಿನ ಸಾಲಿನಲ್ಲಿ ಅಂಕ ಹಾಕುವ ತೀರ್ಪುಗಾರರು. ಮುಖಕ್ಕೆ ಅರ್ಧ ಬಣ್ಣ ಹಚ್ಚಿಕೊಂಡವನು ಇನ್ನೊಬ್ಬರ ನಾಟಕವನ್ನು ನೋಡುವ ರೀತಿಯೇ ಬೇರೆ. ಎಲ್ಲಿ ತಪ್ಪುತ್ತಾರೆ ಎಂದು ಅವನ ಕಣ್ಣು ಹುಡುಕುತ್ತದೆ. ನಟ ಮಾತಾಡುವುದು ಮೂರು ಕುರ್ಚಿಗಳ ಕಡೆಗೆ. ಹೀಗಾಗಿ ಯುವಜನೋತ್ಸವಕ್ಕೆಂದೇ ಒಂದು ಅಭಿನಯಶೈಲಿ ಬೆಳೆದಿದೆ: ಮೊದಲ ನಿಮಿಷದಲ್ಲೇ ಗುಂಪು ಸಂಯೋಜನೆಯೊಂದರ ಬೆರಗು, ನಡುವೆ ಒಂದು ಅತ್ಯಾಚಾರ ಅಥವಾ ಆತ್ಮಹತ್ಯೆ, ಕೊನೆಗೆ ಎಲ್ಲರೂ ಪ್ರೇಕ್ಷಕರತ್ತ ಬೆರಳು ತೋರಿ ನಿಲ್ಲುವ ಸ್ತಬ್ಧಚಿತ್ರ. ಮಕ್ಕಳಲ್ಲಿ ಕಸುವಿದೆ, ಕಂಠವಿದೆ. ಪಾತ್ರವೊಂದು ನಿಧಾನಕ್ಕೆ ಮೈಗೆ ಇಳಿಯಲು ಬೇಕಾದ ಕಾಲವಿಲ್ಲ. ಗಾಯನದಲ್ಲೂ ಅಷ್ಟೆ. ಆಲಾಪ ಬಿಚ್ಚಿಕೊಳ್ಳುವ ಹೊತ್ತಿಗೆ ತಾನ್ ಹೊಡೆಯಬೇಕು, ಇಲ್ಲದಿದ್ದರೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇದೇ ಜಿಲ್ಲೆಯಲ್ಲಿದೆ. ಆ ಊರನ್ನು ದಾಟಿ ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಖಯಾಲಿನ ಸಾರಾಂಶವನ್ನಷ್ಟೇ ಹಾಡಲು ಕಲಿಸುತ್ತಿದ್ದೇವೆ.

ಇದಕ್ಕಿಂತ ನನ್ನನ್ನು ಕಾಡುವ ಸಂಗತಿ ಇನ್ನೊಂದು. ತಿಂಗಳುಗಟ್ಟಲೆ ತಾಲೀಮು ನಡೆಸಿ ಕಟ್ಟಿದ ನಾಟಕ ಒಮ್ಮೆ ಆಡಿದ ಮೇಲೆ ಸತ್ತುಹೋಗುತ್ತದೆ. ಬಹುಮಾನ ಬಂದರೆ ಇನ್ನೊಂದೆರಡು ಸ್ಪರ್ಧೆ, ಬಾರದಿದ್ದರೆ ಅಂದೇ ಮಣ್ಣು. ನಟಿಯ ತಾಯಿತಂದೆ ಅದನ್ನು ನೋಡಿರುವುದಿಲ್ಲ, ಅವಳ ಊರು ನೋಡಿರುವುದಿಲ್ಲ. ಮನೆಗೆ ಬರುವುದು ಒಂದು ಪ್ರಮಾಣಪತ್ರ.

ಈ ಸೀಮೆಗೆ ಆಟವೆಂದರೇನು ಎಂದು ಹೊಸದಾಗಿ ಕಲಿಸಬೇಕಿಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ಇಂದಿನ ರೂಪ ಕೊಟ್ಟ ತಮ್ಮಣ್ಣ ಹಳೆಯ ಗೋಕಾಕ ತಾಲ್ಲೂಕಿನ ಕುಲಗೋಡದವನು. ಅಪರಾಳ ತಮ್ಮಣ್ಣನ ಕೃತಿಯನ್ನು ಅವನು ಆಡಲು ಬರುವ ಸಣ್ಣಾಟವಾಗಿ ಬೆಳೆಸಿದ. ಅದನ್ನು ಊರೂರಿಗೆ ಒಯ್ದು ಹೆಸರಾದ ಕೌಜಲಗಿ ನಿಂಗಮ್ಮನ ಊರು ಅಲ್ಲೇ ಹತ್ತಿರದ್ದು. ಹೆಣ್ಣುಮಗಳೊಬ್ಬಳು ಮೇಳ ಕಟ್ಟಿ ನಡೆಸಿದ ಕಥೆ ನಮ್ಮ ಕಾಲೇಜುಗಳ ಹುಟ್ಟಿಗಿಂತ ಹಿಂದಿನದು.

ಪಾರಿಜಾತದ ಕಥೆ ಚಿಕ್ಕದು. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ರಮಿಸುತ್ತಾನೆ. ಇಷ್ಟನ್ನು 30 ನಿಮಿಷದಲ್ಲಿ ಹೇಳಿಬಿಡಬಹುದು, ಹೇಳಿದವರೂ ಇದ್ದಾರೆ. ಆದರೆ ಇಡೀ ರಾತ್ರಿ ಹಿಡಿಯುವುದು ಕಥೆಯಲ್ಲ. ಮೊದಲಿಗೆ ಗೊಲ್ಲತಿ ಬಂದು ಭಾಗವತನೊಡನೆ ಜಗಳ ತೆಗೆಯಬೇಕು. ಪಾತ್ರವೊಂದು ರಂಗಕ್ಕೆ ಬಂದರೆ ಭಾಗವತ ಅದನ್ನು ನಿಲ್ಲಿಸಿ ಯಾರು, ಎತ್ತ, ಯಾಕೆ ಎಂದು ವಿಚಾರಿಸಬೇಕು. ಭಾಮೆ ಒಂದು ಪದ ಹಾಡುತ್ತಾಳೆ. ಅದರ ಕೊನೆಯ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು ತಾಳ ಏರಿಸುತ್ತಾರೆ. ಪೇಟಿ ಆ ಸಾಲನ್ನೇ ಸುತ್ತಿ ಸುತ್ತಿ ಮೇಲೊಯ್ಯುವಾಗ ಅವಳು ಅಟ್ಟದ ಉದ್ದಕ್ಕೂ ಒಂದು ಸುತ್ತು ನಡೆದು ಬರುತ್ತಾಳೆ. ಆ ನಡಿಗೆಯಲ್ಲಿ ಸಿಟ್ಟು ಹದಕ್ಕೆ ಬರುತ್ತದೆ. ಮತ್ತೆ ನಿಂತಾಗ ದೂತಿ ಅದೇ ಪದವನ್ನು ಬೆಳಗಾವಿ ಕಡೆಯ ಆಡುಮಾತಿಗೆ ಇಳಿಸಿ ಕೆಣಕುತ್ತಾಳೆ. ಪದ ಕಟ್ಟಿದ್ದು, ಮಾತು ಆ ಹೊತ್ತಿಗೆ ಹುಟ್ಟಿದ್ದು. ಮುಂದೆ ಕುಳಿತ ಅಜ್ಜನ ಪಟಗವೋ, ಊರ ಹೊಸ ಸುದ್ದಿಯೋ ಆ ಮಾತಿನೊಳಗೆ ನುಸುಳುತ್ತದೆ. ದ್ವಾರಕೆಯ ಇಬ್ಬರು ರಾಣಿಯರು ಇಬ್ಬರು ಸವತಿಯರಾಗಿ, ನೋಡುವ ಹೆಂಗಸರ ಮಗ್ಗುಲಲ್ಲೇ ಬಂದು ಕೂತಂತೆ ಆಗುವುದು ಆ ನುಸುಳುವಿಕೆಯಿಂದ. ಅರ್ಧ ಗಂಟೆಗೆ ಕತ್ತರಿಸುವಾಗ ಮೊದಲು ಹೋಗುವುದು ಗೊಲ್ಲತಿ, ಆಮೇಲೆ ದೂತಿಯ ಮಾತು, ಆಮೇಲೆ ಆ ಸುತ್ತು ನಡಿಗೆ. ಉಳಿಯುವುದು ಉಡುಪು ಮತ್ತು ಕಥೆ. ಅದಕ್ಕೆ ಅಂಕ ಬರುತ್ತವೆ, ಬಹುಮಾನವೂ ಬರುತ್ತದೆ. ಅದು ಪಾರಿಜಾತವಲ್ಲ.

ವಿಶ್ವವಿದ್ಯಾಲಯಕ್ಕೂ ಈ ಆಟಗಳಿಗೂ ನಂಟು ಹೊಸದಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಘಟಪ್ರಭೆಯ ದಂಡೆಯಲ್ಲಿ ಈ ಬಯಲಾಟಗಳನ್ನು ನೋಡಿ, ಕೇಳಿ ಬೆಳೆದವರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಅಭ್ಯಾಸದ ವಿಷಯವಾಗಿ ಹಿಡಿದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಆ ತಿಳಿವಳಿಕೆ 'ಜೋಕುಮಾರಸ್ವಾಮಿ'ಯಾಗಿ 1972ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಬೆಂಗಳೂರಿನ ಬಯಲು ರಂಗಕ್ಕೆ ಬಂದಾಗ ಕನ್ನಡ ರಂಗಭೂಮಿಯ ದಿಕ್ಕೇ ತಿರುಗಿತು. ಮುಂದೆ ಅವರೇ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಅಂದರೆ ನಮ್ಮ ಊರುಗಳಿಂದ ವಿಶ್ವವಿದ್ಯಾಲಯ ಏನೇನು ಪಡೆದಿದೆ ಎಂಬುದಕ್ಕೆ ಸಾಕ್ಷಿ ಕಣ್ಣ ಮುಂದಿದೆ. ಹಾಡು ಸಂಗ್ರಹಿಸಿದರು, ಪಠ್ಯ ಅಚ್ಚಾಯಿತು, ಪ್ರಬಂಧಗಳು ಬಂದವು. ಅದೇ ವಿಶ್ವವಿದ್ಯಾಲಯಗಳು ಒಂದು ಒಳ್ಳೆಯ ಆಟವನ್ನು ಹೊತ್ತು ಕುಲಗೋಡಕ್ಕೋ ಅಂಕಲಗಿಗೋ ಮರಳಿ ಬಂದ ವಾಡಿಕೆ ಇಲ್ಲ. ಇದು ನನ್ನ ಮುಖ್ಯ ತಕರಾರು.

ಬೇರೆ ಕಡೆ ವಿಶ್ವವಿದ್ಯಾಲಯದ ಹಂಗಾಮು ಹೇಗಿರುತ್ತದೆ? ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೊತೆಗಿರುವ ಸಂಗೀತ ಸಂಘ 19ನೆಯ ಶತಮಾನದ ಕೊನೆಯಿಂದಲೂ ಕಛೇರಿಗಳನ್ನು ಏರ್ಪಡಿಸುತ್ತ ಬಂದಿದೆ. ಬರ್ಕ್ಲಿ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ, 1906ರ ಭೂಕಂಪ ಸ್ಯಾನ್ ಫ್ರಾನ್ಸಿಸ್ಕೋವನ್ನು ಕೆಡವಿದ ಮರುತಿಂಗಳೇ, ಫ್ರೆಂಚ್ ನಟಿ ಸಾರಾ ಬರ್ನಾರ್ಟ್ ಬಂದು ಅಭಿನಯಿಸಿದ್ದಳು. ಅಲ್ಲಿ ಊರಿನವರಿಗೆ ಚೀಟಿ ಸಿಗುತ್ತದೆ, ವಿದ್ಯಾರ್ಥಿ ದೊಡ್ಡ ಕಲಾವಿದರನ್ನು ಪೂರ್ತಿ ಕಾಲ ಕುಳಿತು ನೋಡುತ್ತಾನೆ. ನಮ್ಮಲ್ಲಿ ವಿದ್ಯಾರ್ಥಿ ಆಡುತ್ತಾನೆ, ನೋಡುವುದೇ ಇಲ್ಲ. ನೋಡದವನು ಆಡುವುದು ಎಷ್ಟು ದಿನ?

ಅಷ್ಟು ದೂರದ ಮಾದರಿ ಬೇಡವೆನ್ನುವವರಿಗೆ ನೀನಾಸಮ್ ತಿರುಗಾಟ ಇದೆ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ 1985ರಲ್ಲಿ ಶುರುಮಾಡಿದ ಈ ತಿರುಗಾಟದಲ್ಲಿ ತಂಡ ತನ್ನ ದೀಪ, ಪರದೆ, ಸಾಮಾನು ಹೊತ್ತು ಊರೂರು ಅಲೆಯುತ್ತದೆ. ಶಾಲೆಯ ಮೈದಾನವಾಗಲಿ ಕಾಲೇಜಿನ ಹಾಲ್ ಆಗಲಿ, ಮಧ್ಯಾಹ್ನ ಕಟ್ಟಿ ಸಂಜೆ ಆಡಿ ಮರುದಿನ ಮುಂದಿನ ಊರು. ಊಟ, ವಸತಿ ಸ್ಥಳೀಯರದು. ಹಳ್ಳಿಯಂಥ ಊರಿನ ಒಂದು ಸಂಸ್ಥೆಗೆ ಇದು ಸಾಧ್ಯವಾದರೆ, ನೂರಾರು ಕಾಲೇಜುಗಳನ್ನು ಕೈಯಲ್ಲಿಟ್ಟುಕೊಂಡ ವಿಶ್ವವಿದ್ಯಾಲಯಕ್ಕೆ ಸಾಧ್ಯವಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ರತಿ ಕಾಲೇಜೂ ಒಂದು ಮೈದಾನ, ಒಂದು ಅಡುಗೆಮನೆ, ಕೈಜೋಡಿಸುವ ಹತ್ತಾರು ಹುಡುಗರು.

ಸ್ಪರ್ಧೆಯನ್ನು ರದ್ದು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಏಣಿ ಹತ್ತುವವರು ಹತ್ತಲಿ. ಗೆದ್ದ ಏಕಾಂಕ, ಗೆದ್ದ ಡೊಳ್ಳು, ಗೆದ್ದ ಗಾಯಕಿ ಹೊಳೆಸಾಲಿನ ಊರುಗಳಲ್ಲಿ ಕಡ್ಡಾಯವಾಗಿ ಆಡಿ ಬರಲಿ, ಗಂಟೆಯಿಲ್ಲದೆ, ಅಂಕವಿಲ್ಲದೆ. ಆಗ ಮೊದಲ ನಿಮಿಷದ ಬೆರಗು ಸಾಲದು ಎಂಬುದು ನಟರಿಗೆ ತಾನಾಗಿ ತಿಳಿಯುತ್ತದೆ. ಜಾತ್ರೆಯ ನಾಟಕ ನೋಡಿ ಪಳಗಿದ ಇಲ್ಲಿನ ಪ್ರೇಕ್ಷಕ ಸುಳ್ಳು ಅಳುವನ್ನು ಸಹಿಸುವವನಲ್ಲ, ಎದ್ದು ಹೋಗುತ್ತಾನೆ. ಕಾಲವನ್ನೂ ನೋಡಿಕೊಳ್ಳಬೇಕು. ಕಬ್ಬು ಕಡಿಯುವ ಭರಾಟೆಯಲ್ಲಿ ಇಟ್ಟರೆ ಯಾರೂ ಬರುವುದಿಲ್ಲ, ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ಇಟ್ಟರೆ ಆಡುವವರೇ ಇರುವುದಿಲ್ಲ. ಯುಗಾದಿಯ ಆಸುಪಾಸಿನ ಬಿಡುವು ಎರಡಕ್ಕೂ ಒಗ್ಗೀತು.

ಹೊರಡುವ ಊರು ಅಂಕಲಗಿಯೇ ಆಗಲಿ. ಬೆಳಗಾವಿ ಗೋಕಾಕ ದಾರಿಯ ಮೇಲಿದೆ, ಎರಡೂ ಕಡೆಯಿಂದ ಬಸ್ಸಿದೆ, ಅಡವಿಸಿದ್ಧೇಶ್ವರ ಮಠದಿಂದಾಗಿ ಜನ ಸೇರಿ ರಾತ್ರಿ ಕಳೆದು ಗೊತ್ತಿರುವ ಊರು. ಅಲ್ಲಿಂದ ಕೌಜಲಗಿ, ಕುಲಗೋಡ, ಘೋಡಗೇರಿ. ಮೊದಲ ರಾತ್ರಿಯನ್ನು ಪಾರಿಜಾತದ ಹಿರಿಯ ಮೇಳವೊಂದಕ್ಕೆ ತಕ್ಕ ಸಂಭಾವನೆ ಕೊಟ್ಟು ಪೂರ್ತಿ ಬಿಟ್ಟುಕೊಡಬೇಕು, ಗೊಲ್ಲತಿಯಿಂದ ಮಂಗಳದವರೆಗೆ. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಅಂದು ಹಿಮ್ಮೇಳದ ಸಾಲಿನಲ್ಲಿ ನಿಂತು ಸಾಲು ಎತ್ತಿಕೊಡಲಿ. ತಮ್ಮ ಏಕಾಂಕವನ್ನು ಮರುದಿನ ಸಂಜೆ ಅದೇ ಅಟ್ಟದ ಮೇಲೆ ಆಡಲಿ.